ಒಣಗಿದ ಮೇಲೂ ತಿರುಗುತ್ತಿದ್ದ ಡ್ರೈಯರ್

ಗೌರಿಬಿದನೂರಿನ ಆ ಹಾಸ್ಟೆಲಿಗೆ ಹೊರಟ ದಿನ ಬೆಳಿಗ್ಗೆ ನಮ್ಮ ಸೂಪರ್‌ವೈಸರ್ ಚೀಟಿಯನ್ನು ನನ್ನ ಕೈಗಿಡುತ್ತ ಹೇಳಿದ್ದು ಇಷ್ಟೇ: "ಹೋಗಿ ಒಂದ್ಸಲ ಆನ್ ಮಾಡಿ ತೋರ್ಸು. ಓವರ್‌ಲೋಡ್ ಅಂತ ಬರ್ದು ಸಹಿ ಹಾಕಿಸ್ಕೊಂಡು ಬಾ. ಬಿಚ್ಚೋ ಕೆಲಸ ಏನೂ ಇಲ್ಲ ಅಲ್ಲಿ."

ಚೀಟಿಯಲ್ಲಿದ್ದ ದೂರು: ಬಟ್ಟೆ ಒಣಗಿಸುವ ಯಂತ್ರ, ಏಳು ಕೆ.ಜಿ.ಯದು, ಆಟೋದಲ್ಲಿ ಹಾಕಿದರೆ ತಾನಾಗಿ ನಿಲ್ಲುತ್ತಿಲ್ಲ. ಅದು ಮೂರನೇ ಸಲದ ದೂರು. ಮೊದಲ ಸಲ ಸೂಪರ್‌ವೈಸರೇ ಹೋಗಿ ಬಂದಿದ್ದರು. ಎರಡನೇ ಸಲ ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಟೆಕ್ನಿಷಿಯನ್. ಇಬ್ಬರೂ ಜಾಬ್ ಕಾರ್ಡಿನಲ್ಲಿ ಬರೆದಿದ್ದು ಒಂದೇ ಮಾತು: ಯಂತ್ರ ಸರಿಯಿದೆ, ಬಳಸುವವರು ಬಟ್ಟೆ ಹೆಚ್ಚು ತುಂಬುತ್ತಿದ್ದಾರೆ.

ಚಿಕ್ಕಬಳ್ಳಾಪುರದ ನಮ್ಮ ಸರ್ವಿಸ್ ಸೆಂಟರಿನಲ್ಲಿ ರಿಪೇರಿಗೆ ಹೋಗುವವರ ಪೈಕಿ ಹೆಂಗಸು ನಾನೊಬ್ಬಳೇ. ಕೆಲಸ ಕಲಿಸಿದವರು ಈ ಸೂಪರ್‌ವೈಸರೇ. ಬೆಸುಗೆ ಹಾಕುವಾಗ ಕೈ ನಡುಗದಂತೆ ಮೊಣಕೈಯನ್ನು ಎಲ್ಲಿ ಊರಬೇಕು ಎನ್ನುವುದರಿಂದ ಹಿಡಿದು, ಗಿರಾಕಿಗಳ ಮನೆಯಲ್ಲಿ ಯಾವ ಮಾತಿಗೆ ಉತ್ತರ ಕೊಡಬಾರದು ಎನ್ನುವವರೆಗೆ ಎಲ್ಲವನ್ನೂ ಅವರಿಂದಲೇ ಕಲಿತೆ. ಆದ್ದರಿಂದ ಅವರು ಓವರ್‌ಲೋಡ್ ಎಂದರೆ ಓವರ್‌ಲೋಡೇ ಎಂದು ನಂಬಿಕೊಂಡೇ ನಾನು ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿದೆ.

ಹಾಸ್ಟೆಲು ಇದ್ದದ್ದು ಊರ ಹೊರಗೆ, ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಹೋಗುವ ದಾರಿಯಲ್ಲಿ. ನಾಲ್ಕು ಮಹಡಿ, ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ಹೆಣ್ಣುಮಕ್ಕಳು. ಮುಂದಿನ ರಸ್ತೆಯಲ್ಲಿ ದಿನವಿಡೀ ಲಾರಿಗಳು ಓಡಾಡುವುದರಿಂದ ತಾರಸಿಯ ಮೇಲೆ ಹರವಿದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಒಗೆಯುವ ಹಾಗಾಗುತ್ತದಂತೆ. ಅದಕ್ಕೇ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಆ ಡ್ರೈಯರ್ ಇಟ್ಟಿದ್ದರು.

ಕೋಣೆಯ ಬಾಗಿಲಿಗೆ ಬೀಗ. ಬೀಗದ ಮೇಲೆ ಕೈಬರಹದ ಒಂದು ನೋಟಿಸು. ಅದರಲ್ಲಿ ಒಬ್ಬ ಹುಡುಗಿಯ ಹೆಸರು, ರೂಮಿನ ನಂಬರು. ನಿಯಮ ಮೀರಿ ಬಟ್ಟೆ ತುಂಬಿ ಯಂತ್ರ ಕೆಡಿಸಿದ್ದಕ್ಕೆ, ಹೊಗೆ ಎಬ್ಬಿಸಿ ಎಲ್ಲರ ಪ್ರಾಣಕ್ಕೆ ಅಪಾಯ ತಂದಿದ್ದಕ್ಕೆ ಈಕೆ ಹಾಸ್ಟೆಲ್ ಖಾಲಿ ಮಾಡತಕ್ಕದ್ದು ಎಂದಿತ್ತು. ಕೊನೆಯ ದಿನ ಅವತ್ತೇ.

ವಾರ್ಡನ್ ಮೇಡಂ ಬೀಗದ ಕೈ ಹಿಡಿದು ಬಂದರು. ಐವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಕಾಟನ್ ಸೀರೆ. ನನ್ನನ್ನೂ ನನ್ನ ಬ್ಯಾಗನ್ನೂ ನೋಡಿ, "ಗಂಡಸ್ರು ಯಾರೂ ಇರ್ಲಿಲ್ವಾ?" ಅಂದರು.

"ಇಬ್ರು ಬಂದು ಹೋಗಿದ್ದಾರಲ್ಲ ಮೇಡಂ. ಆದ್ರೂ ಕಂಪ್ಲೇಂಟ್ ಹಾಗೇ ಇದೆ," ಅಂದೆ.

ಅವರು ಬೀಗ ತೆಗೆಯುತ್ತ, "ಯಾವ ಕಡೆಯವ್ರಮ್ಮ ನೀವು?" ಅಂತ ಕೇಳಿದರು. ಊರನ್ನು ಕೇಳುವವರು ಊರು ಯಾವುದು ಎನ್ನುತ್ತಾರೆ. 'ಯಾವ ಕಡೆ' ಎನ್ನುವ ಮಾತಿನೊಳಗೆ ಏನಿರುತ್ತದೆ ಎಂದು ಕೆಂಚಾರ್ಲಹಳ್ಳಿಯ ಶಾಲೆಯ ದಿನಗಳಿಂದಲೇ ನನಗೆ ಗೊತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅದನ್ನು ಹೇಳಿದರೆ ಆ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಹೇಳಲು ನಾಚಿಕೆಯೇನೂ ಇಲ್ಲ. ಆದರೆ ಡ್ರೈಯರಿಗೂ ಅದಕ್ಕೂ ಸಂಬಂಧವಿರಲಿಲ್ಲ.

"ಸರ್ವಿಸ್ ಸೆಂಟರ್ ಕಡೆಯವಳು ಮೇಡಂ," ಅಂದೆ. ಅವರು ಮತ್ತೆ ಕೇಳಲಿಲ್ಲ.

ಮೊದಲು ಟೈಮರಿನ ಮೇಲೆ ಓಡಿಸಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ಇಟ್ಟರೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಗಂಟೆ ಹೊಡೆದು ನಿಂತಿತು. ಅಂದರೆ ಮೋಟಾರಿಗೆ ನಿಲ್ಲುವುದು ಗೊತ್ತು, ನಿಲ್ಲಿಸುವುದು ಬೋರ್ಡಿಗೆ ಗೊತ್ತು. ತೊಂದರೆ ಇರುವುದು ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ತಿಳಿಯುವ ಭಾಗದಲ್ಲಿ. ಆಟೋ ಎಂದರೆ ಅಷ್ಟೇ, ಯಂತ್ರ ಗಡಿಯಾರ ನೋಡುವುದನ್ನು ಬಿಟ್ಟು ಬಟ್ಟೆಯನ್ನು ಮುಟ್ಟಿ ನೋಡಿ ನಿಲ್ಲಬೇಕು.

ಅದು ಮುಟ್ಟಿ ನೋಡುವುದು ಹೀಗೆ. ಡ್ರಮ್ಮಿನ ಒಳಗೆ, ಬಾಗಿಲ ಕೆಳಬದಿಯಲ್ಲಿ ಬೆರಳಗಲದ ಎರಡು ಸ್ಟೀಲ್ ಪಟ್ಟಿಗಳಿರುತ್ತವೆ. ಉರುಳುವ ಬಟ್ಟೆ ಒದ್ದೆಯಾಗಿದ್ದರೆ, ಎರಡನ್ನೂ ಒಟ್ಟಿಗೆ ಸವರಿದಾಗ ಅದರ ನೀರಿನ ಮೂಲಕ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಚೂರೇ ಚೂರು ಕರೆಂಟು ಹರಿಯುತ್ತದೆ. ಅದು ಹರಿಯುತ್ತಿರುವಷ್ಟು ಹೊತ್ತೂ ಬೋರ್ಡು ಬಟ್ಟೆ ಇನ್ನೂ ಒದ್ದೆ ಎಂದುಕೊಳ್ಳುತ್ತದೆ. ಹರಿಯುವುದು ನಿಂತ ಮೇಲೆ ಉಳಿದ ನಿಮಿಷಗಳನ್ನು ಎಣಿಸಿ ಮುಗಿಸುತ್ತದೆ.

ಆ ಪಟ್ಟಿಗಳ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು. ನಮ್ಮ ಸೀಮೆಯ ಬೋರ್‌ವೆಲ್ ನೀರಿನ ಗುಣ ಅದು, ಗೀಸರು, ನಲ್ಲಿ, ಬಕೆಟ್ಟು ಯಾವುದನ್ನೂ ಬಿಡುವುದಿಲ್ಲ. ವಿನೆಗರ್ ಹಚ್ಚಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ಒರೆಸಿದೆ. ಎರಡು ಟವೆಲ್ ಒದ್ದೆ ಮಾಡಿ ಹಿಂಡಿ ಒಳಗೆ ಹಾಕಿ ಆಟೋಗೆ ತಿರುಗಿಸಿದೆ. ಅರ್ಧ ಗಂಟೆಯೊಳಗೆ ಯಂತ್ರ ತಾನಾಗಿ ನಿಂತಿತು. ಟವೆಲ್ ಗರಿಗರಿಯಾಗಿತ್ತು.

ವಾರ್ಡನ್ ಮೇಡಂ ಕೈ ಕಟ್ಟಿಕೊಂಡು ನಿಂತಿದ್ದರು. "ನೋಡಿದ್ರಾ? ಅವತ್ತು ಬಂದವ್ರೂ ಹೀಗೇ ತೋರ್ಸಿದ್ರು. ಸ್ವಲ್ಪ ಹಾಕಿದ್ರೆ ನಿಲ್ಲುತ್ತೆ. ಇವ್ರು ತುಂಬ್ತಾರೆ, ಅದಕ್ಕೆ ನಿಲ್ಲಲ್ಲ. ಬರ್ಕೊಡಿ, ನನಗೆ ಪೇಪರ್ ಬೇಕು. ಇವತ್ತೇ ಅವಳನ್ನ ಕಳಿಸ್ಬೇಕು."

ಆಗಲೇ ಹಿಂದಿನಿಂದ ಒಂದು ದನಿ ಬಂತು. "ಅಕ್ಕ, ಅದರಲ್ಲಿ ನಾನು ಅವತ್ತು ಹಾಕಿದಷ್ಟು ಬಟ್ಟೆ ಹಾಕಿ ನೋಡಿ."

ನೋಟಿಸಿನಲ್ಲಿ ಹೆಸರಿದ್ದ ಹುಡುಗಿ. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ದಿಬ್ಬೂರಹಳ್ಳಿ ಕಡೆಯವಳು, ಒಂದು ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸ. ಅವತ್ತು ಅವಳಿಗೆ ವಾರದ ರಜೆ. ಅವಳ ಟ್ರಂಕು ಆಗಲೇ ಕೆಳಗಿಳಿದು ಮೆಟ್ಟಿಲ ಪಕ್ಕದಲ್ಲಿ ಕೂತಿತ್ತು. ಇಲ್ಲಿ ಇರಲು ಜಾಗವಿಲ್ಲ ಎಂದಾದರೆ ದಿಬ್ಬೂರಹಳ್ಳಿಯಿಂದ ಬೆಳಗಿನ ಪಾಳಿಗೆ ಬಂದು ಸೇರುವ ಬಸ್ಸಿಲ್ಲ. ಹಾಸ್ಟೆಲು ಹೋದರೆ ಕೆಲಸವೂ ಹೋದ ಹಾಗೆ.

"ಎಷ್ಟು ಹಾಕಿದ್ದೆ?" ಅಂದೆ.

"ನಾಲ್ಕು ಜೊತೆ ಯೂನಿಫಾರಂ, ಎರಡು ಬೆಡ್‌ಶೀಟು. ಆನ್ ಮಾಡಿ ತಿಂಡಿಗೆ ಹೋದೆ. ಆಟೋ ಅಂತ ಇದ್ಮೇಲೆ ಕಾವಲು ಯಾಕೆ ಕೂತ್ಕೋಬೇಕು? ತಿಂಡಿ ಮುಗಿಸಿ ಬಂದ್ರೆ ತಿರುಗ್ತಾನೇ ಇತ್ತು. ಇನ್ನೂ ಆಗಿಲ್ಲ ಅಂತ ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ಸುಟ್ಟ ವಾಸನೆ ಅಂತ ಎಲ್ರೂ ಕೂಗಾಡಿದ್ರು."

"ತುಂಬಿದ್ಳು, ನಾನೇ ನೋಡ್ದೆ," ಅಂದರು ವಾರ್ಡನ್.

ಇಬ್ಬರ ಮಾತಿನ ನಡುವೆ ನಾನೇಕೆ ನಿಲ್ಲಬೇಕು? "ಅಡುಗೆಮನೇಲಿ ತರಕಾರಿ ತೂಗೋ ತಕ್ಕಡಿ ಇದೆಯಾ ಮೇಡಂ?" ಎಂದು ಕೇಳಿದೆ.

ತಕ್ಕಡಿ ಬಂತು. ಹುಡುಗಿ ಟ್ರಂಕು ತೆಗೆದು ಅದೇ ಯೂನಿಫಾರಂಗಳನ್ನು, ಅದೇ ಬೆಡ್‌ಶೀಟುಗಳನ್ನು ತಂದಳು. ಅವತ್ತಿನ ನಾಲ್ಕು ಜೊತೆಯಲ್ಲಿ ರೂಮಿನವರವೂ ಸೇರಿದ್ದವು, ಅವರೂ ತಮ್ಮ ತಮ್ಮ ಜೊತೆಗಳನ್ನು ಕೊಟ್ಟರು. ಅವರ ಕಣ್ಣೆದುರಿಗೇ ತೂಗಿದೆ. ನಾಲ್ಕು ಕೆ.ಜಿ.ಗೂ ಕಡಿಮೆ. ಯಂತ್ರ ಏಳು ಕೆ.ಜಿ.ಯದು. ನಾಲ್ಕು ಎಲ್ಲಿ, ಏಳು ಎಲ್ಲಿ! ಡ್ರಮ್ಮಿನಲ್ಲಿ ಅರ್ಧಕ್ಕಿಂತ ಮೇಲೆ ಕಾಣುತ್ತದೆ, ನಿಜ. ಬಟ್ಟೆ ಉರುಳಾಡಲು ಅಷ್ಟು ಜಾಗ ಬೇಕೇಬೇಕು. ಕಣ್ಣಿಗೆ ತುಂಬಿದಂತೆ ಕಂಡದ್ದನ್ನು ಓವರ್‌ಲೋಡ್ ಎಂದುಬಿಟ್ಟಿದ್ದರು. ತೂಕ ಮಾಡಿ ನೋಡಿದವರು ಒಬ್ಬರೂ ಇರಲಿಲ್ಲ, ನಮ್ಮ ಸೆಂಟರಿನವರೂ ಸೇರಿ.

ವಾಷಿಂಗ್ ಮೆಷಿನ್ನಿನಲ್ಲಿ ನೆನೆಸಿ ಹಿಂಡಿಸಿ, ಡ್ರೈಯರಿಗೆ ಹಾಕಿ ಆಟೋ ಒತ್ತಿದೆ. ಕೂತೆವು. ಉಳಿದ ಸಮಯ ತೋರಿಸುವ ಅಂಕಿ ಇಳಿಯುತ್ತ ಬಂದು ಇಪ್ಪತ್ತಕ್ಕೆ ನಿಂತಿತು. ಇಪ್ಪತ್ತರಲ್ಲೇ ಉಳಿಯಿತು. ಗಂಟೆ ಕಳೆದ ಮೇಲೆ ಬಾಗಿಲು ತೆರೆದು ಬಟ್ಟೆ ಮುಟ್ಟಿ ನೋಡಿದರೆ ಬೆಡ್‌ಶೀಟು ಚಟಚಟ ಎಂದು ಕಿಡಿ ಹಾರಿಸುವಷ್ಟು ಒಣಗಿತ್ತು. ಮುಚ್ಚಿ ಮತ್ತೆ ಓಡಿಸಿದೆ. ಇಪ್ಪತ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೂ ಇಪ್ಪತ್ತು.

"ಬನ್ನಿ ಮೇಡಂ, ಮುಟ್ಟಿ ನೋಡಿ," ಅಂದೆ. ಅವರು ಬೆಡ್‌ಶೀಟಿನ ತುದಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಅಷ್ಟು ಬಿಸಿ. "ಬಟ್ಟೆ ಒಣಗಿದೆ. ತೂಕ ಕಡಿಮೆ ಇದೆ. ಆದ್ರೂ ನಿಲ್ತಿಲ್ಲ. ಇದರಲ್ಲಿ ಆ ಹುಡುಗಿ ತಪ್ಪು ಏನು?"

"ಮತ್ತೆ ಎರಡು ಟವೆಲ್‌ಗೆ ನಿಂತಿತಲ್ಲ?"

ಆ ಪ್ರಶ್ನೆ ನನ್ನದೂ ಆಗಿತ್ತು.

ಬಿಸಿಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡಿದೆಯೇ ಎಂದು ನೋಡಿದೆ. ಗೋಡೆಯಾಚೆ ಅದರ ಬಾಯಿಯಲ್ಲಿ ಬಟ್ಟೆಯಿಂದ ಉದುರಿದ ಹತ್ತಿಯಂಥ ಧೂಳು ಮುದ್ದೆಯಾಗಿ ಕೂತಿತ್ತು. ಒಂದು ಅಂಚು ಕಂದಿತ್ತು. ಅವತ್ತಿನ ಸುಟ್ಟ ವಾಸನೆ ಎಲ್ಲಿಂದ ಬಂದಿತು ಎನ್ನುವುದಕ್ಕೆ ಉತ್ತರ ಅಲ್ಲಿತ್ತು. ಕಂಬಿ ಹಾಕಿ ಎಳೆದು ಕೊಳವೆಯನ್ನೆಲ್ಲ ಚೊಕ್ಕಟ ಮಾಡಿದೆ. ಮತ್ತೆ ಓಡಿಸಿದರೆ ಗಾಳಿ ಚೆನ್ನಾಗಿ ಬಂತು, ಅಂಕಿ ಮಾತ್ರ ಇಪ್ಪತ್ತು. ಬಿಸಿ ಅಳೆಯುವ ಸೆನ್ಸರನ್ನು ಮೀಟರಿನಲ್ಲಿ ನೋಡಿದೆ, ಸರಿಯಿತ್ತು. ಪ್ಲಗ್ ಕಿತ್ತು, ಡ್ರಮ್ ಖಾಲಿ ಮಾಡಿ, ಆ ಎರಡು ಪಟ್ಟಿಗಳ ನಡುವೆ ಮೀಟರ್ ಇಟ್ಟು ನೋಡಿದೆ. ಎರಡರ ನಡುವೆ ಏನೂ ಹರಿಯುತ್ತಿಲ್ಲ. ಇರಬೇಕಾದದ್ದೇ ಹಾಗೆ. ಪುಸ್ತಕದ ಲೆಕ್ಕದಲ್ಲಿ ಯಂತ್ರ ಪೂರ್ತಿ ಆರೋಗ್ಯವಾಗಿತ್ತು.

ಬೆಳಗಿನಿಂದ ಕೂತು ಕೂತು ಮಂಡಿ ಹಿಡಿದಿತ್ತು. ಸೂಪರ್‌ವೈಸರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಾನು ನೋಡಿದೀನಲ್ಲಮ್ಮ ಅದನ್ನ. ಓವರ್‌ಲೋಡೇ. ಬರ್ದು ಬಂದ್ಬಿಡು, ಚಿಕ್ಕಬಳ್ಳಾಪುರದಲ್ಲಿ ಇನ್ನೆರಡು ಕಾಲ್ ಇದೆ ನಿಂಗೆ."

"ತೂಕ ಹಾಕ್ದೆ ಸರ್. ನಾಲ್ಕು ಕೆ.ಜಿ. ಕೂಡ ಇಲ್ಲ."

"ಹಾಗಾದ್ರೆ ಮೂರೇ ಕೆ.ಜಿ. ಹಾಕ್ಕೊಳ್ಳಿ ಅಂತ ಹೇಳು. ಅದಕ್ಕೇನು?"

ಫೋನ್ ಇಟ್ಟರು. ಹುಡುಗಿ ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕೈಮುಗಿಯಲಿಲ್ಲ. ಯಂತ್ರದ ಮುಂಭಾಗವನ್ನೇ ನೋಡುತ್ತ, "ಅಕ್ಕ, ಬಟ್ಟೆ ಜಾಸ್ತಿ ಇದ್ದಾಗ ಇಲ್ಲಿಂದ ಒಂದು ಸದ್ದು ಬರುತ್ತೆ. ಟಿಕ್ ಟಿಕ್ ಅಂತ. ಟವೆಲ್ ಹಾಕಿದಾಗ ಬರ್ಲಿಲ್ಲ," ಎಂದು ಬಾಗಿಲಿನ ಎಡಗಡೆ, ಕೀಲು ಇರುವ ಕಡೆ ಬೆರಳು ತೋರಿಸಿದಳು.

"ನಿಂಗೆ ಹೇಗೆ ಗೊತ್ತು?"

"ದಿನಾ ಮಿಷಿನ್ ಮುಂದೇನೇ ನಿಂತಿರ್ತೀನಲ್ಲ. ಸದ್ದು ಬದಲಾದ್ರೆ ಕಿವಿಗೆ ಬಿದ್ದೇ ಬೀಳುತ್ತೆ."

ನಾನು ಮೂರು ಗಂಟೆ ಅದರ ಮುಂದೆ ಕೂತಿದ್ದರೂ ಆ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮೀಟರನ್ನು ಬೀಪ್ ಎನ್ನುವ ಗೆರೆಗೆ ತಿರುಗಿಸಿದೆ. ಎರಡು ತಂತಿ ತಾಗಿದರೆ ಅದು ಕೂಗುತ್ತದೆ. ಅದರ ಎರಡು ಕ್ಲಿಪ್ಪುಗಳನ್ನು ಎರಡು ಪಟ್ಟಿಗಳಿಗೆ ಕಚ್ಚಿಸಿ, "ಆ ಜಾಗದಲ್ಲಿ ಒಳಗಡೆಯಿಂದ ಮುಂದಕ್ಕೆ ಒತ್ತು ನೋಡಣ," ಅಂದೆ. ತುಂಬಿದ ಡ್ರಮ್ಮು ಭಾರಕ್ಕೆ ಮುಂದಿನ ತಗಡನ್ನು ಒತ್ತುತ್ತದೆ. ಅದನ್ನೇ ಕೈಯಿಂದ ಮಾಡಿಸುವುದು ನನ್ನ ಲೆಕ್ಕ. ಅವಳು ಡ್ರಮ್ಮಿನೊಳಗೆ ಕೈ ಹಾಕಿ ಬಲವಾಗಿ ಒತ್ತಿದಳು.

ಮೀಟರ್ ಕೀ ಎಂದು ಕೂಗಿತು.

ಕೈ ಬಿಟ್ಟಳು, ನಿಂತಿತು. ಒತ್ತಿದಳು, ಕೂಗಿತು. ಬಾಗಿಲಲ್ಲಿ ಗುಂಪುಗೂಡಿದ್ದ ಹುಡುಗಿಯರು ನಗಲು ಶುರುಮಾಡಿದರು. ನನಗೂ ನಗು ಬಂತು. ಎರಡು ಟವೆಲಿಗೆ ನಿಂತದ್ದೇಕೆ, ನಾಲ್ಕು ಕೆ.ಜಿ.ಗೆ ನಿಲ್ಲದ್ದೇಕೆ ಎನ್ನುವುದು ಒಂದೇ ಏಟಿಗೆ ಬಗೆಹರಿಯಿತು. ಆ ಪಟ್ಟಿಗಳಿಂದ ಬೋರ್ಡಿಗೆ ಹೋಗುವ ಎರಡು ವೈರುಗಳು ಒಳಗೆಲ್ಲೋ ಒಂದಕ್ಕೊಂದು ತಾಗುತ್ತಿವೆ. ಭಾರ ಬಿದ್ದಾಗ ಮಾತ್ರ. ತಾಗಿದ ತಕ್ಷಣ ಬೋರ್ಡಿಗೆ ಬಟ್ಟೆ ಒದ್ದೆಯಿದೆ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಬಟ್ಟೆ ಸುಟ್ಟು ಬೂದಿಯಾದರೂ ಅದಕ್ಕೆ ಒದ್ದೆಯೇ.

ಒಳಗೆ ನೋಡಬೇಕಾದರೆ ಮುಂದಿನ ತಗಡನ್ನು ಬಿಚ್ಚಬೇಕು. ಗ್ಯಾರಂಟಿಯಲ್ಲಿರುವ ಯಂತ್ರದ ಮುಂದಿನ ಪ್ಯಾನೆಲ್ ಬಿಚ್ಚಲು ನಮ್ಮಲ್ಲಿ ಸೂಪರ್‌ವೈಸರ್ ಒಪ್ಪಿಗೆ ಬೇಕು. ಮತ್ತೆ ಫೋನ್ ಮಾಡಿದೆ.

"ಬಿಚ್ಚಬೇಡ," ಅಂದರು. "ಬೋರ್ಡ್ ಗೀರ್ಡ್ ಹೋದ್ರೆ ಯಾರು ಹೊಣೆ? ನಾಳೆ ನಾನು ಬರ್ತೀನಿ. ಇವತ್ತು ಓವರ್‌ಲೋಡ್ ಅಂತ ಕ್ಲೋಸ್ ಮಾಡು."

"ಇವತ್ತು ಹಾಗೆ ಬರ್ದು ಕೊಟ್ರೆ, ಸಾಯಂಕಾಲ ಒಂದು ಹುಡುಗೀನ ಈಚೆ ಹಾಕ್ತಾರೆ ಸರ್."

"ಅದು ಅವರ ಹಾಸ್ಟೆಲ್ ವಿಷಯ ಕಣಮ್ಮ. ನಮ್ದಲ್ಲ."

"ಪೇಪರ್ ನಮ್ದಲ್ವಾ ಸರ್?"

"ಬಿಚ್ಚಿದ್ರೆ ನಿನ್ನ ಜವಾಬ್ದಾರಿ," ಎಂದರು.

"ಸರಿ ಸರ್. ನನ್ನ ಜವಾಬ್ದಾರಿ."

ಇಷ್ಟು ಹೇಳಿದ್ದು ಧೈರ್ಯದಿಂದಲೋ ಸಿಟ್ಟಿನಿಂದಲೋ ಈಗಲೂ ನನಗೆ ಗೊತ್ತಿಲ್ಲ. ಬೋರ್ಡಿಗೆ ಏನಾದರೂ ಆದರೆ ನನ್ನ ಕೆಲಸ ಉಳಿಯುವುದಿಲ್ಲ, ಅದು ಮಾತ್ರ ಚೆನ್ನಾಗಿ ಗೊತ್ತಿತ್ತು. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ತೆಗೆದೆ. ಬಿಚ್ಚಿದ ಸ್ಕ್ರೂಗಳನ್ನು ಒಂದು ಹಾಳೆಯ ಮೇಲೆ ಅವು ಇದ್ದ ಜಾಗದ ಕ್ರಮದಲ್ಲೇ ಜೋಡಿಸಿಟ್ಟೆ. ಹುಡುಗಿ ಟಾರ್ಚ್ ಹಿಡಿದಳು. ಮೇಲಿನ ಮುಚ್ಚಳ, ಕೆಳಗಿನ ಪಟ್ಟಿ, ಬಾಗಿಲ ಸ್ವಿಚ್ಚಿನ ವೈರು, ಆಮೇಲೆ ಮುಂದಿನ ತಗಡು. ನಿಧಾನವಾಗಿ ಓರೆಮಾಡಿ ಸಂದಿಯಲ್ಲಿ ಇಣುಕಿದೆ.

ಎಡಗಡೆಯ ಕೀಲಿನ ಹಿಂದೆ ಒಂದು ಸ್ಕ್ರೂ ಇರಬೇಕಾದದ್ದಕ್ಕಿಂತ ಎರಡರಷ್ಟು ಉದ್ದಕ್ಕೆ ಒಳಗೆ ಚಾಚಿತ್ತು. ಅದರ ಚೂಪು ತುದಿ ಸೆನ್ಸರಿನ ಜೋಡಿ ವೈರುಗಳ ಪ್ಲಾಸ್ಟಿಕ್ಕನ್ನು ಸೀಳಿ ಎರಡರ ನಡುವೆ ಕೂತಿತ್ತು. ತುದಿ ಕಪ್ಪಗಾಗಿತ್ತು.

ಕೋಣೆಯ ಗೋಡೆ ಅಡ್ಡ ಬರುತ್ತದೆಂದು, ಯಂತ್ರವನ್ನು ಇಡುವಾಗ ಬಾಗಿಲಿನ ಕೀಲನ್ನು ಬಲದಿಂದ ಎಡಕ್ಕೆ ಹಾಕಿ ಬಾಗಿಲು ತಿರುಗಿಸಿದ್ದರು. ಅದಕ್ಕೆ ಕೊಡುವ ಪ್ಯಾಕೆಟ್ಟಿನಲ್ಲಿ ಎರಡು ಅಳತೆಯ ಸ್ಕ್ರೂಗಳಿರುತ್ತವೆ. ಗಿಡ್ಡದ್ದು ಹಾಕಬೇಕಾದ ತೂತಿಗೆ ಉದ್ದದ್ದನ್ನು ತಿರುಗಿಸಿದ್ದರು. ಯಂತ್ರದ ಬದಿಗೆ ಅಂಟಿಸಿದ್ದ ಇನ್‌ಸ್ಟಾಲೇಶನ್ ಚೀಟಿಯನ್ನು ನಾನು ಬೆಳಿಗ್ಗೆಯಿಂದ ಓದಿರಲಿಲ್ಲ. ಈಗ ಓದಿದೆ. ಕೆಳಗಿದ್ದ ಸಹಿ ನೋಡುವ ಮೊದಲೇ ಕೈಬರಹ ಯಾರದೆಂದು ತಿಳಿಯಿತು. ನನಗೆ ಬೆಸುಗೆ ಹಾಕಲು ಕಲಿಸಿದ ಕೈಯದು.

"ಸಿಕ್ತಾ ಅಕ್ಕ?" ಎಂದು ಹುಡುಗಿ ಕೇಳಿದಳು. "ಸಿಕ್ತು," ಅಂದೆ.

ಸೀಳಿದ ಭಾಗವನ್ನು ಕತ್ತರಿಸಿ, ಎರಡು ವೈರನ್ನೂ ಬೇರೆ ಬೇರೆಯಾಗಿ ಬೆಸೆದು, ಮೇಲೆ ಪ್ಲಾಸ್ಟಿಕ್ ತೋಳು ತೊಡಿಸಿ, ಅದು ಕುಗ್ಗಿ ಹಿಡಿಯುವಂತೆ ಬಿಸಿಮಾಡಿದೆ. ಕೀಲಿನಿಂದ ಒಂದು ಗೇಣು ದೂರಕ್ಕೆ ಅವನ್ನು ಸರಿಸಿ ಕಟ್ಟಿದೆ. ಗಿಡ್ಡ ಸ್ಕ್ರೂ ಹಾಕಿ ಬಿಗಿಮಾಡಿ, ಹುಡುಗಿಗೆ ಮತ್ತೆ ಒಳಗಿನಿಂದ ಒತ್ತಲು ಹೇಳಿದೆ. ಅವಳು ತನ್ನ ಬಲವನ್ನೆಲ್ಲ ಹಾಕಿ ಒತ್ತಿದಳು. ಮೀಟರ್ ಸುಮ್ಮನಿತ್ತು. ಪ್ಯಾನೆಲ್ ಕೂಡಿಸಿ, ಅದೇ ಒಣಗಿದ ಬಟ್ಟೆಗಳಿಗೆ ಈ ಸಲ ಇನ್ನಷ್ಟು ಸೇರಿಸಿ, ಆರೂವರೆ ಕೆ.ಜಿ. ತೂಗಿ, ಮತ್ತೆ ನೆನೆಸಿ ಹಿಂಡಿಸಿ ಹಾಕಿದೆ. ಬೇಕೆಂದೇ ಹಾಕಿದೆ.

ಆ ಸಲ ವಾರ್ಡನ್ ಮೇಡಂ ಕೂಡ ಒಂದು ಕುರ್ಚಿ ತರಿಸಿಕೊಂಡು ಕೂತರು. ಅಂಕಿ ಇಳಿಯುತ್ತ ಬಂದು ಇಪ್ಪತ್ತಕ್ಕೆ ನಿಂತಿತು. ಬಟ್ಟೆ ಇನ್ನೂ ಒದ್ದೆಯಿದ್ದಾಗ ಅಂಕಿ ನಿಲ್ಲುವುದು ಸರಿಯೇ ಎಂದು ನನಗೆ ಗೊತ್ತಿದ್ದರೂ ಅದರಿಂದ ಕಣ್ಣು ಕೀಳಲಿಲ್ಲ. ಬಹಳ ಹೊತ್ತಿನ ಮೇಲೆ ಹತ್ತೊಂಬತ್ತು ಬಂತು. ಹದಿನೆಂಟು. ಒಬ್ಬಳು ಹುಡುಗಿ ಜೋರಾಗಿ ಎಣಿಸಲು ಶುರುಮಾಡಿದಳು, ಉಳಿದವರು ದನಿಗೂಡಿಸಿದರು. ಕೊನೆಯ ನಿಮಿಷ ಮುಗಿದು, ಯಂತ್ರ ಗಂಟೆ ಹೊಡೆದು, ಒಂದು ಸುತ್ತು ಹೊರಳಿ ನಿಂತಿತು.

ವಾರ್ಡನ್ ಎದ್ದು ಬಾಗಿಲ ಮೇಲಿನ ನೋಟಿಸನ್ನು ಕಿತ್ತು ಮಡಚಿಕೊಂಡರು. "ಆಯ್ತಲ್ಲ, ಟ್ರಂಕ್ ಮೇಲಕ್ಕೆ ತಗೊಂಡ್ಹೋಗು," ಎಂದರು ಹುಡುಗಿಗೆ.

ಹುಡುಗಿ ಕದಲಲಿಲ್ಲ.

"ಮೇಡಂ, ಇದನ್ನ ಅಂಟ್ಸಿ ನಾಲ್ಕು ದಿನ ಆಯ್ತು. ಎಲ್ರೂ ಓದಿದ್ದಾರೆ, ಫೋಟೋ ತೆಗೆದು ಫ್ಯಾಕ್ಟರೀಲೂ ತೋರ್ಸಿದ್ದಾರೆ. ನೀವು ಸುಮ್ನೆ ಕಿತ್ಕೊಂಡ್ರೆ, ಕೈಕಾಲು ಹಿಡ್ಕೊಂಡು ಉಳ್ಕೊಂಡ್ಳು ಅಂತಾರೆ. ತಪ್ಪು ನಂದಲ್ಲ ಅಂತ ಬರ್ದು ಅದೇ ಜಾಗದಲ್ಲಿ ಅಂಟ್ಸಿ."

"ಇರೋಕೆ ಬಿಟ್ಟಿದ್ದೀನಲ್ಲ, ಇನ್ನೇನು?"

"ನೀವು ಬಿಡೋದಲ್ಲ ಮೇಡಂ. ನಾನು ತಪ್ಪು ಮಾಡಿಲ್ಲ, ಅದಕ್ಕೇ ಇರ್ತೀನಿ."

ಅವಳ ದನಿ ಏರಿರಲಿಲ್ಲ. ಹಿಂದಿದ್ದ ಹುಡುಗಿಯರೂ ಅಲ್ಲಿಂದ ಸರಿಯಲಿಲ್ಲ. ವಾರ್ಡನ್ ನನ್ನ ಕಡೆ ನೋಡಿದರು. ನಾನು ಜಾಬ್ ಕಾರ್ಡಿನ ಕೊನೆಯ ಸಾಲು ಬರೆಯುತ್ತಿದ್ದೆ: ಇನ್‌ಸ್ಟಾಲೇಶನ್ ಸಮಯದಲ್ಲಿ ಉದ್ದದ ಸ್ಕ್ರೂ ಹಾಕಿದ್ದರಿಂದ ಸೆನ್ಸರ್ ವೈರಿಗೆ ಚುಚ್ಚಿ ಶಾರ್ಟ್ ಆಗಿದೆ. ಬಳಸಿದವರ ತಪ್ಪಿಲ್ಲ. ಅವರ ಪ್ರತಿಯನ್ನು ಹರಿದು ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಆಫೀಸಿಗೆ ಹೋಗಿ, ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು ತಂದು ಅಂಟಿಸಿದರು. ಕ್ಷಮಿಸಿ ಎನ್ನುವ ಮಾತು ಅದರಲ್ಲಿರಲಿಲ್ಲ. ಹುಡುಗಿಯ ಹೆಸರು, ಅವಳ ತಪ್ಪಿಲ್ಲ ಎನ್ನುವ ಮಾತು ಇತ್ತು. ಅವಳು ಪೂರ್ತಿ ಓದಿದ ಮೇಲೆಯೇ ಟ್ರಂಕಿಗೆ ಕೈ ಹಾಕಿದ್ದು.

ಮರುದಿನ ಬೆಳಿಗ್ಗೆ ಸೆಂಟರಿನಲ್ಲಿ ಸೂಪರ್‌ವೈಸರ್ ಮುಂದೆ ಕಾರ್ಡನ್ನೂ, ಫೋಟೋಗಳನ್ನೂ ಇಟ್ಟೆ. ಅವರು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಮುಖ ಸಣ್ಣದಾಯಿತು.

"ಅವತ್ತು ಒಂದೇ ದಿನ ನಾಲ್ಕು ಕಡೆ ಇನ್‌ಸ್ಟಾಲೇಶನ್ ಇತ್ತು," ಅಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಆಮೇಲೆ ಕಾರ್ಡನ್ನು ನನ್ನ ಕಡೆ ಸರಿಸಿದರು. "ಹುಡುಗೀದು ಬಗೆಹರೀತಲ್ಲ. ಈಗ ಯಾರಿಗೂ ತೊಂದ್ರೆ ಇಲ್ಲ. ನಮ್ಮ ಕಾಪೀಲಿ ವೈರ್ ಸವೆದಿತ್ತು ಅಂತ ತಿದ್ದಿಬಿಡು. ಕಂಪನಿಗೆ ಹೋಗೋದು ಇದೇ."

ಇದು ವಾರ್ಡನ್ ಮುಂದೆ ನಿಂತಷ್ಟು ಸುಲಭವಾಗಿರಲಿಲ್ಲ. ಹೆಂಗಸು ಈ ಕೆಲಸಕ್ಕೆ ಆಗುವುದಿಲ್ಲ ಎಂದು ಎಲ್ಲರೂ ಅಂದಾಗ, ಒಂದು ವರ್ಷ ನೋಡೋಣ ಎಂದವರು ಇವರು. ಅವರು ಜೋರು ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಅವರು ಕೇಳಿಕೊಂಡರು.

"ಸವೆದಿಲ್ಲ ಸರ್," ಅಂದೆ. "ಚುಚ್ಚಿದೆ."

"ಗೊತ್ತಮ್ಮ. ಆದ್ರೆ..."

"ನಾಲ್ಕು ಕಡೆ ಅಂದ್ರಲ್ಲ ಸರ್. ಉಳಿದ ಮೂರು ಕಡೆ ಬಾಗಿಲು ತಿರುಗಿಸಿದ್ರಾ?"

ನಾನು ಕಾರ್ಡನ್ನು ಅವರ ಕಡೆಗೇ ತಿರುಗಿಸಿಟ್ಟೆ. ಸವೆದಿತ್ತು ಎಂದು ಬರೆದರೆ ಉಳಿದ ಕಡೆ ಹೋಗಿ ನೋಡಲು ಯಾರಿಗೂ ಕಾರಣ ಇರುವುದಿಲ್ಲ. ಅಲ್ಲಿಯೂ ಒಂದು ದಿನ ಯಂತ್ರ ನಿಲ್ಲದೆ ತಿರುಗುತ್ತದೆ. ಅಲ್ಲಿಯೂ ಯಾರನ್ನೋ ಹಿಡಿದು ನಿಲ್ಲಿಸುತ್ತಾರೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಹೇಳುವ ಅಗತ್ಯವೂ ಇರಲಿಲ್ಲ. ನನಗಿಂತ ಚೆನ್ನಾಗಿ ಈ ಕೆಲಸ ಗೊತ್ತಿದ್ದವರು.

ಕೊನೆಗೆ ಅವರು ಕಾರ್ಡಿನ ಕೆಳಗೆ ಸಹಿ ಹಾಕಿದರು. ಒಂದಕ್ಷರವನ್ನೂ ತಿದ್ದಲಿಲ್ಲ. ಹಳೇ ರಿಜಿಸ್ಟರ್ ತೆಗೆದು, ಒಂದು ಚೀಟಿಯಲ್ಲಿ ಬಾಗಿಲು ತಿರುಗಿಸಿದ್ದ ಎರಡು ಕಡೆಯ ವಿಳಾಸ ಬರೆದು ಮೇಜಿನ ಮೇಲಿಟ್ಟು, ತಲೆ ಎತ್ತದೆ ಬೇರೆ ಕೆಲಸಕ್ಕೆ ತೊಡಗಿದರು. ಆಮೇಲೆ ಎಷ್ಟೋ ವಾರ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ದೊಡ್ಡ ರಿಪೇರಿಗಳೆಲ್ಲ ಬೇರೆಯವರಿಗೆ ಹೋದವು, ನನ್ನ ಪಾಲಿಗೆ ನೀರಿನ ಫಿಲ್ಟರ್ ಬದಲಿಸುವ ಚೀಟಿಗಳು ಬಂದವು. ಬದಲಿಸಿದೆ. ಬರೆದದ್ದರ ಬಗ್ಗೆ ಒಂದು ದಿನವೂ ಬೇಜಾರು ಪಟ್ಟುಕೊಳ್ಳಲಿಲ್ಲ.

ಆ ಎರಡು ವಿಳಾಸಗಳಿಗೆ, ಕಾರ್ಡಿಗೆ ಸಹಿ ಬಿದ್ದ ವಾರವೇ ಹೋಗಿದ್ದೆ. ಚಿಂತಾಮಣಿಯ ಲಾಡ್ಜಿನಲ್ಲಿ ಗಿಡ್ಡ ಸ್ಕ್ರೂವೇ ಇತ್ತು. ಇನ್ನೊಂದು ಶಿಡ್ಲಘಟ್ಟದ ಒಂದು ಬ್ಯೂಟಿ ಪಾರ್ಲರು. ಅಲ್ಲಿ ಟವೆಲ್ ಒಣಗಿಸಲು ಯಂತ್ರ ಇಟ್ಟುಕೊಂಡಿದ್ದರು. ಗಿರಾಕಿಯೊಬ್ಬರ ಹುಬ್ಬು ತಿದ್ದುತ್ತಿದ್ದ ಒಡತಿ ದಾರವನ್ನು ಹಲ್ಲಿನಲ್ಲೇ ಕಚ್ಚಿಕೊಂಡು ನನ್ನನ್ನು ನೋಡಿದರು.

"ಏಮ್ಮಾ, ನಾನು ಕಂಪ್ಲೇಂಟೇ ಕೊಟ್ಟಿಲ್ವಲ್ಲ. ಮಿಷಿನ್ ಚೆನ್ನಾಗೇ ನಡೀತಿದೆ."

"ಗೊತ್ತು ಮೇಡಂ. ಒಂದ್ಸಲ ಬಾಗಿಲ ಹತ್ರ ನೋಡ್ಬೇಕಿತ್ತು."

ಪ್ಯಾನೆಲ್ ಬಿಚ್ಚಿದೆ. ಉದ್ದದ ಸ್ಕ್ರೂ ಇತ್ತು. ತುದಿ ವೈರಿನ ಪ್ಲಾಸ್ಟಿಕ್ಕಿಗೆ ತಾಗಿ ಉಗುರು ಗೀರಿದಂಥ ಒಂದು ಗೆರೆ ಬಿದ್ದಿತ್ತು, ಇನ್ನೂ ಒಳಗಿಳಿದಿರಲಿಲ್ಲ. ಬದಲಿಸಿ, ವೈರನ್ನು ದೂರ ಕಟ್ಟಿ, ತಗಡು ಮುಚ್ಚಿದೆ.

ಒಡತಿ ಬಂದು ಇಣುಕಿದರು. "ಏನಾಗಿತ್ತು ಒಳಗೆ?"

"ಇನ್ನೂ ಏನೂ ಆಗಿರ್ಲಿಲ್ಲ ಮೇಡಂ," ಎಂದು ಹೇಳಿ, ಅವರಿಗೂ ಒಂದು ಕಾರ್ಡು ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ಬರೆದದ್ದು: ನಮ್ಮ ತಪ್ಪು.